ಸೀಟಿ ಮಾಸ್ತರರ ಬೀಸಣಿಕೆ

ಗೊಳಸಂಗಿಯ ಹೈಸ್ಕೂಲಿನ ಆಟದ ಮಾಸ್ತರ ಹಣಮಂತ್ರಾಯರು ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಒಂದೇ ಒಂದು ಟ್ರೋಫಿ ಗೆದ್ದು ತಂದವರಲ್ಲ. ಹೋಗಲಿ ಬಿಡಿ, ಸೋಲುವುದೇನು ದೊಡ್ಡ ಮಾತಲ್ಲ. ಸೋಲುವವರೊಬ್ಬರು ಇದ್ದರೆ ತಾನೆ ಗೆಲ್ಲುವವರು ಗೆಲ್ಲುವುದು? ಆದರೆ ಈ ಮಾಸ್ತರರ ಸೋಲಿಗೆ ಒಂದು ವಿಶೇಷವಿತ್ತು. ಅಷ್ಟೂ ಸೋಲುಗಳಲ್ಲಿ ಅವರ ತಪ್ಪು ಎಳ್ಳಷ್ಟೂ ಇರುತ್ತಿರಲಿಲ್ಲ.

ಒಂದು ವರ್ಷ ಕಬಡ್ಡಿಯಲ್ಲಿ ಸೋತದ್ದು ತಂಡದ ನಾಯಕ ಹಿಂದಿನ ದಿನ ಬಸುರಿ ಅಕ್ಕನ ಕುಬಸದಲ್ಲಿ ಒಂಬತ್ತು ಹೋಳಿಗೆ ತಿಂದು ಬಂದದ್ದರಿಂದ. ಇನ್ನೊಂದು ವರ್ಷ ಖೋಖೋದಲ್ಲಿ ಸೋತದ್ದು ಅಂಪೈರಿನ ಕಣ್ಣಿಗೆ ಪೊರೆ ಬಂದದ್ದರಿಂದ. ಮತ್ತೊಂದು ವರ್ಷ ಬಸ್ಸು ತಡವಾಯಿತು, ಅದರ ಮರುವರ್ಷ ಬಸ್ಸು ಬೇಗ ಬಂದು ಹುಡುಗರು ಉಪ್ಪಿಟ್ಟು ಬಿಟ್ಟು ಓಡಿದರು. ಹೀಗೆ ಪ್ರತಿ ಸಲ ಸೋತು ಮನೆಗೆ ಬಂದಾಗ ಹೆಂಡತಿ ಸುಮಿತ್ರಾಬಾಯಿ ಬಾಗಿಲಲ್ಲೇ ನೀರಿನ ತಂಬಿಗೆ ಹಿಡಿದು ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಈ ಸಲ ತಪ್ಪು ಯಾರದ್ರಿ?"

ಮಾಸ್ತರರು ಮುಖ ತೊಳೆಯುತ್ತ ಹೇಳುತ್ತಿದ್ದರು, ಒರೆಸಿಕೊಳ್ಳುತ್ತ ಹೇಳುತ್ತಿದ್ದರು, ಊಟಕ್ಕೆ ಕೂತು ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಸುಮಿತ್ರಾಬಾಯಿ ರೊಟ್ಟಿ ಬಡಿಯುತ್ತ, ಕುಣಿಯಲಾರದವಳಿಗೆ ನೆಲ ಡೊಂಕು ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದಳು. ಅದು ಮಾಸ್ತರರಿಗೆ ಕೇಳಿಸುತ್ತಿತ್ತು. ಕೇಳಿಸಲೆಂದೇ ಅವಳು ಅನ್ನುತ್ತಿದ್ದಳು.

ಊರಲ್ಲಿ ಅವರಿಗೆ ಸೀಟಿ ಮಾಸ್ತರ ಎಂದು ಹೆಸರು. ಕೊರಳಲ್ಲಿ ಸೀಟಿ, ಬಾಯಲ್ಲಿ ಸೀಟಿ, ಸೀಟಿ ಇಲ್ಲದಾಗ ಅದಕ್ಕಿಂತ ಜೋರು ಬಾಯಿ. ಅವರು ಮೈದಾನದಲ್ಲಿ ಒದರಿದರೆ ಹೆದ್ದಾರಿಯ ಮೇಲೆ ಹೋಗುವ ಬಸ್ಸು ನಿಲ್ಲುತ್ತಿತ್ತಂತೆ, ಯಾರೋ ಹತ್ತುವವರಿದ್ದಾರೆಂದು. ಇಂಥ ಮನುಷ್ಯ ಬರುವ ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಶಾಲು ಹೊದಿಸುವವರು ಹೊದಿಸುತ್ತಾರೆ, ಹಾರ ಹಾಕುವವರು ಹಾಕುತ್ತಾರೆ, ಆದರೆ ಹೆಡ್‌ಮಾಸ್ತರರ ಕೋಣೆಯ ಗಾಜಿನ ಕಪಾಟಿನಲ್ಲಿ ಅವರ ಹೆಸರಿನ ಒಂದು ಟ್ರೋಫಿಯೂ ಇರುವುದಿಲ್ಲ. ಆ ಕಪಾಟಿನಲ್ಲಿ ಈಗ ಸೀಮೆಸುಣ್ಣದ ಡಬ್ಬಿ ಇಡುತ್ತಿದ್ದರು. ಅಲ್ಲಿಗೆ ಹೋದಾಗಲೆಲ್ಲ ಮಾಸ್ತರರು ಆ ಡಬ್ಬಿಯನ್ನು ಒಂದು ಮೂಲೆಗೆ ಸರಿಸಿ ಬರುತ್ತಿದ್ದರು. ಒಂದೇ ಒಂದು ಸಾಕಪ್ಪಾ, ಒಂದು ಗೆಲುವು ಸಾಕು, ಆಮೇಲೆ ಸುಮ್ಮನೆ ಮನೆಯಲ್ಲಿ ಕೂರುತ್ತೇನೆ ಎಂದು ಅವರು ಅಂದುಕೊಂಡದ್ದು ಎಷ್ಟು ಸಲವೋ.

ಆಗ ಬಂತು ನೋಡಿ ಫಿನ್ಲೆಂಡಿನ ಆಟ.

ದೀಪಾವಳಿ ರಜೆಯಲ್ಲಿ ಪುಣೆಯಲ್ಲಿ ಎಂಟು ದಿನದ ಒಂದು ತರಬೇತಿ ಶಿಬಿರವಿತ್ತು. ಆಟದ ಹೆಸರು ಪೆಸಪಲ್ಲೊ, ಅಂದರೆ ಅವರ ಭಾಷೆಯಲ್ಲಿ ಗೂಡಿನ ಚೆಂಡು. ಕಲಿಸಲು ಬಂದವನು ಯುಕ್ಕಾ ಎಂಬ ಆರಡಿ ಎತ್ತರದ ಫಿನ್ಲೆಂಡಿನವನು. ನಮ್ಮಲ್ಲಿ ಕ್ರಿಕೆಟ್ ಹೇಗೋ ಅವರಲ್ಲಿ ಇದು ಹಾಗೆ, ಸಾಲಿಗೆ ಹೋಗುವ ಮಕ್ಕಳೆಲ್ಲ ಆಡುತ್ತಾರೆ, ಊರೂರಿಗೆ ಹೆಣ್ಣುಮಕ್ಕಳ ತಂಡವಿದೆ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುತ್ತಾರೆ, ಬೇಸಿಗೆ ಬಂದರೆ ಮುಳುಗಲೊಲ್ಲದ ಸೂರ್ಯನ ಕೆಳಗೆ ರಾತ್ರಿ ಹತ್ತರ ತನಕ ಇದನ್ನು ಆಡುತ್ತಾರೆ ಎಂದು ದುಭಾಷಿ ಹೇಳಿದ. ಆಟ ಮುಗಿದ ಮೇಲೆ ಎಲ್ಲರೂ ಕಟ್ಟಿಗೆಯ ಕೋಣೆಯಲ್ಲಿ ಕೂತು ಕಾದ ಕಲ್ಲಿಗೆ ನೀರು ಹಾಕಿ ಬೆವರುತ್ತಾರಂತೆ. ಸಿಂದಗಿಯಿಂದ ಬಂದಿದ್ದ ಒಬ್ಬ ಮಾಸ್ತರ, ಅದಕ್ಕೆ ಕೋಣೆ ಯಾಕೆ, ಮಾರ್ಚಿನಿಂದ ಮೇ ತನಕ ನಮ್ಮಲ್ಲಿ ಬಂದು ಹೋಗಲಿ ಎಂದ. ಯುಕ್ಕಾ ಅದನ್ನು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಬರುತ್ತೇನೆ ಎಂದ. ನಗಲಿಲ್ಲ.

ಹಣಮಂತ್ರಾಯರ ಮನಸ್ಸಿನಲ್ಲಿ ನಿಂತದ್ದು ಮಾತ್ರ ಬೇರೆ. ಆಟ ನಡೆಯುವಾಗ ಯುಕ್ಕಾ ಒಂದು ಮಾತೂ ಆಡುತ್ತಿರಲಿಲ್ಲ. ಕೈಯಲ್ಲಿ ಬಣ್ಣಬಣ್ಣದ ಎಸಳಿನ ಒಂದು ಬೀಸಣಿಕೆ. ಇಂಥ ಬಣ್ಣ ತೋರಿಸಿದರೆ ಓಡು, ಇಂಥದು ತೋರಿಸಿದರೆ ನಿಲ್ಲು. ಆಟಗಾರರು ಅದನ್ನೇ ನೋಡಿ ಆಡುತ್ತಿದ್ದರು. ಅಲ್ಲಿ ಎಲ್ಲ ದೊಡ್ಡ ತಂಡಗಳದೂ ಹೀಗೆಯೇ ಅಂತೆ. ಒದರಿದ ಗುರುವನ್ನು ಜನ ಒಂಥರಾ ನೋಡುತ್ತಾರಂತೆ. ಮೂವತ್ತನಾಲ್ಕು ವರ್ಷ ಗಂಟಲು ಹರಿದುಕೊಂಡ ಮಾಸ್ತರರು ಬಾಯಿ ತೆರೆದು ನೋಡುತ್ತ ಕೂತರು. ಗೆಲುವಿನ ಗುಟ್ಟು ಗಂಟಲಲ್ಲಿಲ್ಲ, ಕೈಯಲ್ಲಿದೆ ಎಂದು ಅವರಿಗೆ ಹೊಳೆದದ್ದು ಅಲ್ಲಿಯೇ.

ಇನ್ನೊಂದು ಗುಟ್ಟೂ ಇತ್ತು, ಅದನ್ನು ಅವರು ಹೆಂಡತಿಗೆ ಮಾತ್ರ ಹೇಳಿದರು. ಈ ಆಟಕ್ಕೆ ಇಡೀ ಜಿಲ್ಲೆಯಲ್ಲಿ ಹೆಸರು ಕೊಟ್ಟದ್ದು ನಾಲ್ಕೇ ತಂಡ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಬಾಗೇವಾಡಿ ತಂಡ ಎಂದರೆ ಗೊಳಸಂಗಿ ಹೈಸ್ಕೂಲಿನ ಒಂಬತ್ತನೇ ಇಯತ್ತೆಯ ಹೆಣ್ಣುಮಕ್ಕಳು. ಎರಡು ಆಟ ಗೆದ್ದರೆ ಟ್ರೋಫಿ. ಮಂದಿ ಕಡಿಮೆ ಇರುವಲ್ಲಿ ಪಂಕ್ತಿಗೆ ಕೂತರೆ ಹೋಳಿಗೆ ಸಿಗುತ್ತದೆ ಎಂದು ಸುಮಿತ್ರಾಬಾಯಿ ಒಪ್ಪಿದಳು.

ಬೀಸಣಿಕೆ ಮಾಡಿಸಲು ಮಾಸ್ತರರು ಜೈತುನಬಿಯ ಹತ್ತಿರ ಹೋದರು. ಈಚಲ ಗರಿಯ ಬೀಸಣಿಕೆ ಹೆಣೆಯುವುದರಲ್ಲಿ ಆ ಮುದುಕಿಯನ್ನು ಬಿಟ್ಟರಿಲ್ಲ. ಎಸಳು ಗಿಸಳು ನನಗೆ ಬರುವುದಿಲ್ಲ ಮಾಸ್ತರ, ಎರಡು ಮಗ್ಗುಲು ಇದೆಯಲ್ಲ, ಎರಡು ಬಣ್ಣ ಹಚ್ಚಿ ಕೊಡುತ್ತೇನೆ ಎಂದಳು. ಹಾಗೆಯೇ ಆಯಿತು. ಒಂದು ಮಗ್ಗುಲು ಕೆಂಪು, ಇದ್ದಲ್ಲೇ ನಿಲ್ಲು. ಇನ್ನೊಂದು ಮಗ್ಗುಲು ಹಸಿರು, ಓಡು.

ಆದರೆ ಬಿಸಿಲ ನಾಡಿನಲ್ಲಿ ಕೈಗೆ ಬೀಸಣಿಕೆ ಸಿಕ್ಕ ಮೇಲೆ ಬಿಡುವವರು ಯಾರು? ಹೆಡ್‌ಮಾಸ್ತರರು ಮೀಟಿಂಗಿನಲ್ಲಿ ಎತ್ತಿಕೊಂಡು ಬೀಸಿಕೊಂಡರು. ಬಿಸಿಯೂಟದ ರೇಣವ್ವ ಒಲೆಗೆ ಗಾಳಿ ಹಾಕಲು ಒಯ್ದಳು. ಮನೆಯಲ್ಲಿ ಕರೆಂಟು ಹೋದರೆ ಸುಮಿತ್ರಾಬಾಯಿ ಕಣ್ಣು ಮುಚ್ಚಿಕೊಂಡೇ ಮೊಳೆಯ ಮೇಲಿದ್ದ ಅದಕ್ಕೆ ಕೈ ಹಾಕುತ್ತಿದ್ದಳು. ಮಾಸ್ತರರು ಒಬ್ಬೊಬ್ಬರಿಂದಲೂ ಕಿತ್ತುಕೊಂಡು, ಇದು ಗಾಳಿಗಲ್ಲ, ಇದು ಹುಕುಂ, ಇದನ್ನು ಬೀಸಿಕೊಳ್ಳುವುದೆಂದರೆ ಫೌಜುದಾರನ ಲಾಠಿಯಿಂದ ಬೆನ್ನು ತುರಿಸಿಕೊಂಡಂತೆ ಎಂದು ಬೈಯುತ್ತಿದ್ದರು. ಮಂದಿ ನಕ್ಕು ಮರುದಿನ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಇನ್ನು ಆಟ ಕಲಿಸಿದ ಕತೆ. ಅಯ್ಯೋ, ಕೋಣನ ಮುಂದೆ ಕಿನ್ನರಿ ಬಾರಿಸಿದವನಾದರೂ ಪುಣ್ಯವಂತ, ಕೋಣ ತಿರುಗಿ ಉಪದೇಶ ಮಾಡುವುದಿಲ್ಲ. ಈ ಆಟದಲ್ಲಿ ಚೆಂಡು ಹಾಕುವವಳು ದೂರದಿಂದ ಓಡಿ ಬರುವುದಿಲ್ಲ, ಬ್ಯಾಟು ಹಿಡಿದವಳ ಮಗ್ಗುಲಲ್ಲೇ ನಿಂತು ಚೆಂಡನ್ನು ನೆಟ್ಟಗೆ ಮೇಲಕ್ಕೆ ತೂರುತ್ತಾಳೆ. ಅದು ಕೆಳಗಿಳಿಯುವಾಗ ಹೊಡೆಯಬೇಕು. ಒಬ್ಬೊಬ್ಬಳಿಗೆ ಮೂರು ಸರ್ತಿ. ಮೊದಲ ಎರಡು ಸಲ ಹೊಡೆದು ಬೇಕಾದರೆ ಸುಮ್ಮನೆ ನಿಲ್ಲಬಹುದು, ಮೂರನೆಯದಕ್ಕೆ ಓಡಲೇಬೇಕು. ಓಡುವುದೂ ಹಾವಿನ ಹಾಗೆ: ಎಡಕ್ಕೆ ಒಂದನೇ ಗೂಡು, ಬಲಕ್ಕೆ ಎರಡನೆಯದು, ಮತ್ತೆ ಎಡಕ್ಕೆ ಮೂರನೆಯದು, ಅಲ್ಲಿಂದ ಹೊರಟ ಜಾಗಕ್ಕೆ ಬಂದರೆ ಒಂದು ರನ್. ಓಡುವವಳಿಗಿಂತ ಮೊದಲು ಚೆಂಡು ಗೂಡು ಮುಟ್ಟಿದರೆ ಅವಳು ಔಟ್.

ಇಷ್ಟಾದರೂ ಸೈ. ಆದರೆ ಚೆಂಡು ಹಾರಿ ಹಿಂದಿನ ಗೆರೆ ದಾಟಿ ಬಿದ್ದರೆ ಅದು ತಪ್ಪು ಹೊಡೆತ, ಮೂರರಲ್ಲಿ ಒಂದು ಸರ್ತಿ ಹಾಳು, ಗೂಡಿನಲ್ಲಿದ್ದವರು ಅಲುಗುವ ಹಾಗಿಲ್ಲ. ಇದನ್ನು ಕೇಳಿ ಊರಿಗೆ ಊರೇ ಮಾಸ್ತರರ ಮೇಲೆ ಬಿತ್ತು. ಗೆರೆ ದಾಟಿದರೆ ಸಿಕ್ಸರ್, ಹುಟ್ಟಿದ ಕೂಸಿಗೂ ಅದು ಗೊತ್ತು. ಕಟ್ಟೆಯ ಮೇಲೆ ಕೂತವರೆಲ್ಲ ಸಂಜೆಗೆ ಮೈದಾನದ ಬದಿಗೆ ಬಂದು ಹುಡುಗಿಯರಿಗೆ ಎತ್ತಿ ಹೊಡಿ ಎತ್ತಿ ಹೊಡಿ ಎಂದು ಹೇಳಿಕೊಡುತ್ತಿದ್ದರು. ಹುಡುಗಿಯರು ಎತ್ತಿ ಹೊಡೆಯುತ್ತಿದ್ದರು. ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು. ಮಾಸ್ತರರು ಹಣೆ ಬಡಿದುಕೊಳ್ಳುತ್ತಿದ್ದರು.

ಎಲ್ಲರಿಗಿಂತ ದೂರ ಹೊಡೆಯುವವಳು ಪ್ರಜ್ಞಾ. ಅವಳ ಮನೆ ಕಾಲುವೆಯ ಆಚೆ ತೋಟದ ವಸತಿಯಲ್ಲಿ, ಸಾಲಿಗೆ ಐದು ಕಿಲೋಮೀಟರು. ಬೆಳಿಗ್ಗೆ ಐದು, ಸಂಜೆ ಐದು, ದಿನಾ ನಡೆದೇ ಬರುತ್ತಿದ್ದಳು. ಅವಳ ತೋಳಿನಲ್ಲಿ ಎಂಥ ಶಕ್ತಿಯೋ, ಚಿನ್ನಿದಾಂಡು ಆಡಿ ಬೆಳೆದ ಕಣ್ಣು ಬೇರೆ, ಚೆಂಡು ಬೇವಿನ ಮರ ದಾಟಿ ಹೋಗಿ ಬೀಳುತ್ತಿತ್ತು. ಒಂದು ದಿನ ಅವಳು ಮಾಸ್ತರರನ್ನು ತಡೆದು ಕೇಳಿದಳು.

"ಸರ, ಗೆರಿ ದಾಟಿದ್ರ ಔಟ್ ಏನ್ರಿ?"

"ಔಟ್ ಅಲ್ಲ ಬೇ, ಮೂರರಾಗ ಒಂದ್ ಸರ್ತಿ ಹಾಳು."

"ಅಂದ್ರ ಇನ್ನೂ ಎರಡ ಉಳೀತಾವಲ್ರಿ."

ಇಂಥ ಅಧಿಕಪ್ರಸಂಗಕ್ಕೆ ಉತ್ತರ ಕೊಡುವ ತಾಳ್ಮೆ ಮಾಸ್ತರರಿಗೆ ಇರಲಿಲ್ಲ. ಎರಡು ಸುತ್ತು ಓಡಿ ಬಾ ಎಂದರು.

ಇನ್ನೊಬ್ಬಳು ಜಯಮಾಲಾ, ಬಿಸಿಯೂಟದ ರೇಣವ್ವನ ಮಗಳು. ಓಟದಲ್ಲಿ ಗಾಳಿ, ಉಳಿದದ್ದರಲ್ಲೆಲ್ಲ ಮಂದ. ಹೇಳಿದಷ್ಟು ಮಾಡುತ್ತಾಳೆ, ಹೇಳದ್ದನ್ನು ಮಾಡುವುದಿಲ್ಲ. ಒಮ್ಮೆ ಮಾಸ್ತರರು ಅವಳನ್ನು ಎರಡನೇ ಗೂಡಿನಲ್ಲಿ ನಿಲ್ಲಿಸಿ ಫೋನು ಬಂತೆಂದು ಹೋದವರು ಮರೆತೇಬಿಟ್ಟರು. ಗಂಟೆ ಹೊಡೆದು ಸಾಲಿ ಬಿಟ್ಟ ಮೇಲೂ ಅವಳು ಬಿಸಿಲಲ್ಲಿ ನಿಂತೇ ಇದ್ದಳು. ಗೆಳತಿಯರು ಕಂಬ ಎಂದು ಕರೆಯುತ್ತಿದ್ದರು. ಆದರೆ ಬೀಸಣಿಕೆಯನ್ನು ನೋಡಿ ಆಡಲು ಬಂದದ್ದು ಅವಳೊಬ್ಬಳಿಗೇ. ಉಳಿದವರು ಚೆಂಡು ನೋಡುತ್ತಿದ್ದರು, ಮಂದಿಯನ್ನು ನೋಡುತ್ತಿದ್ದರು, ಕಡೆಗೆ ನೆನಪಾದರೆ ಬೀಸಣಿಕೆ. ಪಂದ್ಯದ ದಿನ ಬಾಗೇವಾಡಿಯ ಮೈದಾನದಲ್ಲಿ ಸಾವಿರ ಮಂದಿ ಕೂಗುವಾಗ ಇವರ ಗತಿ ಏನು ಎಂದು ಮಾಸ್ತರರಿಗೆ ನಿದ್ದೆ ಹತ್ತುತ್ತಿರಲಿಲ್ಲ. ದಿನಾ ಆಟಕ್ಕೆ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಪಾಠ ಹೇಳುತ್ತಿದ್ದರು.

"ಚೆಂಡ ನೋಡಬ್ಯಾಡ್ರಿ. ಮಂದಿನ್ನ ನೋಡಬ್ಯಾಡ್ರಿ. ನಾನ ಒದರಿದ್ರೂ ಕೇಳಬ್ಯಾಡ್ರಿ. ಬೀಸಣಿಕಿ ಏನ್ ಹೇಳ್ತೈತಿ, ಅಷ್ಟ ಮಾಡ್ರಿ."

ಫೆಬ್ರುವರಿ ಕೊನೆಗೆ ಒಂದು ಹದಕ್ಕೆ ಬಂತು. ಪ್ರಜ್ಞಾ ಚೆಂಡನ್ನು ತಗ್ಗಿಸಿ ಇಬ್ಬರ ನಡುವೆ ಉರುಳಿಸಲು ಕಲಿತಳು. ಮಾಸ್ತರರು ಸೀಟಿಯನ್ನು ಜೇಬಿಗೆ ಹಾಕಿ ಬಾಯಿ ಹೊಲಿದುಕೊಂಡು ಬೀಸಣಿಕೆ ತಿರುಗಿಸಲು ಕಲಿತರು. ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ಬಸಂತರಾಯ ಸಾಹುಕಾರರು ನಡುವೆ ಬಂದರು.

ಸಾಹುಕಾರರು ಸಾಲಿಯ ಕಮಿಟಿಯ ಅಧ್ಯಕ್ಷರು, ಕಾಲುವೆ ನೀರಿನ ಮೇಲೆ ಅರವತ್ತು ಎಕರೆ ಕಬ್ಬು, ಒಳ್ಳೆಯ ಮನುಷ್ಯ, ಕೊಡುಗೈ. ಒಂದೇ ಪೀಡೆ ಎಂದರೆ ಹರೆಯದಲ್ಲಿ ವಿಜಯಪುರದಲ್ಲಿ ಕ್ರಿಕೆಟ್ ಆಡಿದ್ದರು. ಪಂದ್ಯಕ್ಕೆ ಎರಡು ದಿನ ಮೊದಲು ಸಾಲಿಗೆ ಬಂದು ಹುಡುಗಿಯರ ಮುಂದೆ ಘೋಷಣೆ ಮಾಡಿದರು: ಬಾಗೇವಾಡಿಯ ಮೈದಾನದಲ್ಲಿ ಯಾವ ಹುಡುಗಿ ಚೆಂಡನ್ನು ಗೆರೆ ದಾಟಿಸುತ್ತಾಳೋ ಅವಳಿಗೆ, ಯಾವ ತಂಡದವಳೇ ಇರಲಿ, ಒಂದು ಹೊಸ ಸೈಕಲ್.

ಮಾಸ್ತರರು ಸುಮ್ಮನಿರಲಿಲ್ಲ. ಸಾಹುಕಾರರನ್ನು ಬೇವಿನ ಮರದ ಕೆಳಗೆ ಕರೆದೊಯ್ದು, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು, ಇದು ಕ್ರಿಕೆಟ್ ಅಲ್ಲ, ಇಲ್ಲಿ ದಾಟಿಸಿದರೆ ತಪ್ಪು, ನೀವು ತಪ್ಪಿಗೆ ಬಹುಮಾನ ಇಡುತ್ತಿದ್ದೀರಿ, ಬೇಕಾದರೆ ರನ್ ಮಾಡಿದವಳಿಗೆ ಕೊಡಿ ಎಂದು ಅರ್ಧ ಗಂಟೆ ತಿಳಿಹೇಳಿದರು. ಸಾಹುಕಾರರು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದರು.

"ಮಾಸ್ತರ, ಕೈಯಾಗ ಬ್ಯಾಟ್ ಕೊಟ್ಟು ದೂರ ಹೊಡೀಬ್ಯಾಡ ಅಂತೀರಿ. ಊಟಕ್ಕ ಕುಂದರ್ಸಿ ಬಾಯಿ ತೆರೀಬ್ಯಾಡ ಅಂದಂಗಾತಲ್ರಿ ಇದು. ನಾ ಮಾತ ಕೊಟ್ಟೇನಿ. ದಾಟ್ಸಿದ್ರ ಸೈಕಲ್."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮಾಸ್ತರರು ಸಿಟ್ಟಿನಿಂದ ತಂಡದ ಹತ್ತಿರ ಬಂದು, ಯಾವಳಾದರೂ ಸೈಕಲ್ಲಿನ ಆಸೆಗೆ ಗೆರೆ ದಾಟಿಸಿದರೆ ಕಾಲು ಮುರಿದು ಕೂರಿಸುತ್ತೇನೆ ಎಂದರು. ಎಲ್ಲರೂ ಹೂಂ ಎಂದರು. ಪ್ರಜ್ಞಾ ಮಾತ್ರ ತನ್ನ ಹರಿದ ಚಪ್ಪಲಿಗೆ ಪಿನ್ನು ಚುಚ್ಚುತ್ತಿದ್ದಳು.

ಮಾರ್ಚ್ ಮೊದಲ ಭಾನುವಾರ. ಬಾಗೇವಾಡಿಯ ಮೈದಾನದಲ್ಲಿ ಬೆಳಿಗ್ಗೆಯೇ ನೆಲ ಕಾದು ಹೆಂಚಾಗಿತ್ತು. ಫಿನ್ಲೆಂಡಿನ ಆಟವಂತೆ, ಹುಡುಗಿಯರು ಆಡುತ್ತಾರಂತೆ, ಸೈಕಲ್ ಇಟ್ಟಿದ್ದಾರಂತೆ ಎಂದು ಮಂದಿ ಕಿಕ್ಕಿರಿದಿತ್ತು. ಸೈಕಲ್ಲನ್ನು ಕುಂಕುಮ ಹಚ್ಚಿ, ಹಾರ ಹಾಕಿ, ಮೈಕಿನ ಪಕ್ಕ ನಿಲ್ಲಿಸಿದ್ದರು. ಟ್ರೋಫಿ ಅದರ ಹಿಂದೆ ಎಲ್ಲೋ ಇತ್ತು, ಯಾರಿಗೂ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಮುದ್ದೇಬಿಹಾಳದವರ ಮೇಲೆ ಗೊಳಸಂಗಿಯವರು ಗೆದ್ದರು. ನಂಬುತ್ತೀರೋ ಬಿಡುತ್ತೀರೋ, ಗೆದ್ದರು. ನಾಲತವಾಡದಿಂದ ಬಂದಿದ್ದ ಆ ಹುಡುಗಿಯರು ಪಾಪ, ಪ್ರತಿ ಚೆಂಡನ್ನೂ ಸೈಕಲ್ಲಿನ ಕಡೆಗೇ ಎತ್ತಿದರು, ಗೆರೆಯ ತನಕ ಒಂದೂ ಮುಟ್ಟಲಿಲ್ಲ, ಎಲ್ಲ ಕೈಗೆ ಕ್ಯಾಚಾದವು. ಮಾಸ್ತರರು ಒಂದು ಸಲವೂ ಬಾಯಿ ತೆರೆಯಲಿಲ್ಲ. ಕೆಂಪು, ಹಸಿರು, ಕೆಂಪು, ಹಸಿರು. ಅತ್ತ ಇಂಡಿಯವರು ಸಿಂದಗಿಯವರನ್ನು ಹನ್ನೊಂದು ರನ್ ಮಾಡಿ ಹೊಡೆದುಹಾಕಿದರು.

ಫೈನಲ್ಲು ಮಧ್ಯಾಹ್ನ ಎರಡಕ್ಕೆ. ರಣ ಬಿಸಿಲು. ಆಡುತ್ತ ಆಡುತ್ತ ಕೊನೆಯ ಸರದಿಗೆ ಬಂದಾಗ ಎರಡೂ ಕಡೆ ಐದೈದು ರನ್. ಸಮಸಮವಾಗಿ ಮುಗಿದರೆ ಬೆಳಗಿನ ಆಟದಲ್ಲಿ ಹೆಚ್ಚು ರನ್ ಮಾಡಿದವರಿಗೆ ಟ್ರೋಫಿ ಎಂದು ಮೊದಲೇ ಹೇಳಿದ್ದರು, ಅಂದರೆ ಇಂಡಿಯವರಿಗೆ. ಗೊಳಸಂಗಿಗೆ ಇನ್ನೊಂದು ರನ್ ಬೇಕು. ಇಬ್ಬರು ಆಗಲೇ ಔಟಾಗಿದ್ದರು, ಮೂರನೆಯವಳು ಔಟಾದರೆ ಆಟ ಮುಗಿಯಿತು. ಮೂರನೇ ಗೂಡಿನಲ್ಲಿ ಜಯಮಾಲಾ ನಿಂತಿದ್ದಳು. ಬ್ಯಾಟು ಹಿಡಿದು ಬಂದವಳು ಪ್ರಜ್ಞಾ.

ಮಾಸ್ತರರು ಲೆಕ್ಕ ಹಾಕಿದರು. ಪ್ರಜ್ಞಾ ತಗ್ಗಿಸಿ ಉರುಳಿಸಬೇಕು, ಜಯಮಾಲಾ ಗಾಳಿಯ ಹಾಗೆ ಬರಬೇಕು, ಅಷ್ಟೇ. ಮೂವತ್ತನಾಲ್ಕು ವರ್ಷ ಆ ಮೂರನೇ ಗೂಡಿನಿಂದ ಇಲ್ಲಿಗೆ ಬಂದು ಮುಟ್ಟಬೇಕು.

ಚೆಂಡು ಮೇಲೆ ಹೋಯಿತು. ಪ್ರಜ್ಞಾ ಒಂದು ಹೆಜ್ಜೆ ಹಿಂದೆ ಇಟ್ಟಳು. ಮಾಸ್ತರರಿಗೆ ಆ ಹೆಜ್ಜೆಯಲ್ಲೇ ಗೊತ್ತಾಯಿತು, ಆದರೆ ಗೊತ್ತಾಗಿ ಏನು ಮಾಡುವುದು? ಸಪ್ಪಳ ಕೇಳಿತು, ಚೆಂಡು ಏರಿತು, ಏರಿತು, ಇಂಡಿಯ ಹುಡುಗಿಯರ ತಲೆಯ ಮೇಲೆ, ಗೆರೆಯ ಮೇಲೆ, ಮಂದಿಯ ಮೇಲೆ ಹೋಗಿ ಪೆಂಡಾಲಿನ ಆಚೆ ಬಿತ್ತು. ಮೈದಾನ ಹುಚ್ಚೆದ್ದಿತು. ಹಲಗೆ ಬಡಿದರು, ರುಮಾಲು ತೂರಿದರು. ಮೈಕಿನಲ್ಲಿ ಬಸಂತರಾಯರು ಪ್ರಜ್ಞಾ ಸೈಕಲ್ ಗೆದ್ದಳು ಎಂದು ಮೂರು ಸಲ ಸಾರಿದರು. ಅಂಪೈರು ಒಬ್ಬನೇ ಪಾಪ, ತಪ್ಪು ಹೊಡೆತ ಎಂದು ಕೈ ಎತ್ತಿ ನಿಂತಿದ್ದ, ಅವನನ್ನು ನೋಡುವವರು ಯಾರೂ ಇರಲಿಲ್ಲ.

ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ತಿಂಗಳು ಗಿಣಿಗೆ ಹೇಳಿದ ಹಾಗೆ ಹೇಳಿದೆನಲ್ಲ, ಕಡೆಗೂ ಎಲ್ಲ ಆ ಸೈಕಲ್ಲಿನ ಗಾಲಿಗೆ ಸಿಕ್ಕಿತಲ್ಲ! ಪ್ರಜ್ಞಾ ಮಾತ್ರ ಅವರ ಕಡೆ ತಿರುಗಿ ಎರಡು ಬೆರಳು ತೋರಿಸಿದಳು. ಇನ್ನೂ ಎರಡಿವೆ ಎಂದು. ಆ ಬೆರಳು ನೋಡಿ ಅವರ ಸಿಟ್ಟು ಇನ್ನೂ ಹೆಚ್ಚಾಯಿತು.

ಎರಡನೇ ಚೆಂಡನ್ನು ಅವಳು ತಗ್ಗಿಸಿ ಹೊಡೆದಳು, ಆದರೆ ಅದು ನೇರ ಇಂಡಿಯ ಹುಡುಗಿಯ ಕೈಗೇ ಪುಟಿದು ಹೋಯಿತು. ಮಾಸ್ತರರು ಕೆಂಪು ತೋರಿಸಿದರು. ಪ್ರಜ್ಞಾ ನಿಂತಳು, ಜಯಮಾಲಾ ನಿಂತಳು. ಸರಿಯಾಗಿಯೇ ಆಯಿತು. ಇನ್ನುಳಿದದ್ದು ಒಂದೇ. ಇನ್ನು ಏನೇ ಆದರೂ ಹಸಿರು.

ಅದೇ ಹೊತ್ತಿಗೆ ಬಸಂತರಾಯರು ಮೈಕು ಬಿಟ್ಟು ಮಾಸ್ತರರ ಹತ್ತಿರ ಬಂದರು. ಬೆನ್ನು ತಟ್ಟಿದರು. ನೋಡಿದಿರಾ ಮಾಸ್ತರ, ಏನು ಹೊಡೆತ, ಮೂವತ್ತನಾಲ್ಕು ವರ್ಷದಲ್ಲಿ ನಿಮ್ಮ ಕೈಯಿಂದ ಇಂಥದೊಂದು ತಯಾರಾಯಿತಲ್ಲ, ಇನ್ನು ಗೆದ್ದರೇನು ಸೋತರೇನು ಎಂದರು. ಗೆದ್ದರೇನು ಸೋತರೇನು! ಮಾಸ್ತರರಿಗೆ ಕಣ್ಣು ಕತ್ತಲಿಟ್ಟಿತು. ಮೈ ಬೆವರಿನಲ್ಲಿ ತೊಯ್ದಿತ್ತು, ಕಿವಿ ಸುಡುತ್ತಿತ್ತು. ಸಾಹುಕಾರರಿಗೆ ಏನು ಹೇಳಬೇಕೋ ಅದನ್ನು ಹೇಳಿದರೆ ಸಾವಿರ ಮಂದಿಯ ಮುಂದೆ ರಾದ್ಧಾಂತವಾಗುತ್ತದೆ ಎಂದು ಹಲ್ಲು ಕಚ್ಚಿದರು. ಅವರ ಕೈ ತನ್ನಷ್ಟಕ್ಕೆ ಎದೆಯ ಹತ್ತಿರ ಬಂದು ಜೋರಾಗಿ ಗಾಳಿ ಬೀಸಿಕೊಳ್ಳತೊಡಗಿತು.

ಚೆಂಡು ಮೇಲೆ ಹೋಯಿತು.

ಪ್ರಜ್ಞಾ ಹೊಡೆದಳು. ಅಂಥ ಹೊಡೆತವನ್ನು ಯುಕ್ಕಾ ನೋಡಿದ್ದರೆ ಅವನೂ ನಗುತ್ತಿದ್ದ. ಚೆಂಡು ನೆಲಕ್ಕೆ ಮುತ್ತಿಟ್ಟು ಇಬ್ಬರ ನಡುವಿನ ಸಂದಿಯಲ್ಲಿ ಹಾವಿನ ಮರಿಯ ಹಾಗೆ ಹರಿಯಿತು. ಇಂಡಿಯ ಹುಡುಗಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಅದರ ಬೆನ್ನು ಹತ್ತಿದರು. ಪ್ರಜ್ಞಾ ಒಂದನೇ ಗೂಡಿಗೆ ಓಡುತ್ತಿದ್ದಳು. ಮೂರನೇ ಗೂಡಿನಿಂದ ಇಲ್ಲಿಗೆ ದಾರಿ ಬಯಲಾಗಿತ್ತು, ಕುಂಟನೂ ಬರಬಹುದಿತ್ತು.

ಜಯಮಾಲಾ ಅಲುಗಲಿಲ್ಲ.

ಮಂದಿ ಓಡು ಎಂದು ಕೂಗಿತು. ಅವಳವ್ವ ರೇಣವ್ವ ಎದೆ ಎದೆ ಬಡಿದುಕೊಂಡು ಓಡು ಎಂದಳು. ಮಾಸ್ತರರೂ ಇದ್ದ ಗಂಟಲನ್ನೆಲ್ಲ ಹರಿದುಕೊಂಡು ಓಡು ಎಂದು ಒದರಿದರು. ಜಯಮಾಲಾ ಮುಂಗಾಲಿನ ಮೇಲೆ ನಿಂತು, ಮಾಸ್ತರರ ಕಡೆಗೇ ನೋಡುತ್ತ, ನಿಂತಲ್ಲೇ ನಿಂತಳು. ಇಂಡಿಯ ಹುಡುಗಿ ಚೆಂಡು ಎತ್ತಿಕೊಂಡಳು, ಇತ್ತ ಓಡಿ ಬರುವವರು ಯಾರೂ ಇಲ್ಲದ್ದು ನೋಡಿ ಒಂದನೇ ಗೂಡಿಗೆ ಎಸೆದಳು. ಪ್ರಜ್ಞಾ ಎರಡು ಹೆಜ್ಜೆ ದೂರದಲ್ಲಿ ಔಟಾದಳು. ಆಟ ಮುಗಿಯಿತು.

ಆಮೇಲೆ ಆದದ್ದು ಹೇಳಬೇಕಿಲ್ಲ. ಸೈಕಲ್ಲಿಗೆ ಕುಣಿದ ಮಂದಿಯೇ ಈಗ ಜಯಮಾಲಾಳ ಸುತ್ತ ಮುತ್ತಿತು. ಕಂಬ ಎಂದರು, ಕಲ್ಲು ಎಂದರು. ರೇಣವ್ವ ಮಗಳ ರಟ್ಟೆ ಹಿಡಿದು ಬೆನ್ನಿಗೆ ಎರಡು ಬಾರಿಸಿ, ಊರ ಮಾನ ಕಳೆದೆಯಲ್ಲೇ, ಮಾಸ್ತರರು ಕಲಿಸಿದ ಋಣಕ್ಕಾದರೂ ಓಡಬಾರದಿತ್ತೇ ಎಂದು ಅತ್ತಳು. ಬಸಂತರಾಯರು, ಬಿಡಿ ಮಾಸ್ತರ, ಒಂದು ಹುಡುಗಿಯ ಮಂಕುತನದಿಂದ ಹೀಗಾಯಿತು, ನಿಮ್ಮದೇನೂ ತಪ್ಪಿಲ್ಲ ಎಂದು ಸಮಾಧಾನ ಹೇಳಿದರು.

ಮಾಸ್ತರರೂ ಮಂದಿಯನ್ನು ಸರಿಸಿ ಮುಂದೆ ಹೋದರು. ಅವರ ನಾಲಿಗೆಯ ಮೇಲೆ ಮೂವತ್ತೈದನೇ ಕಾರಣ ತಯಾರಾಗಿ ಕೂತಿತ್ತು.

"ಯಾಕ ಓಡಲಿಲ್ಲ ನೀ?"

ಜಯಮಾಲಾ ಅಳುತ್ತಿರಲಿಲ್ಲ. ಅವಳಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

"ಕೆಂಪ ಇತ್ತಲ್ರಿ ಸರ. ಈಗೂ ಕೆಂಪ ಐತಿ."

ಮಾಸ್ತರರು ಕೆಳಗೆ ನೋಡಿದರು. ಅವರ ಕೈ ಇನ್ನೂ ಬೀಸಿಕೊಳ್ಳುತ್ತಲೇ ಇತ್ತು. ಹಸಿರು ಮಗ್ಗುಲು ಎದೆಗೆ, ಕೆಂಪು ಮಗ್ಗುಲು ಲೋಕಕ್ಕೆ. ಒಂದು ಗಳಿಗೆ ಅವರಿಗೆ ಕೈ ನಿಲ್ಲಿಸುವುದೂ ಆಗಲಿಲ್ಲ. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಸಾಹುಕಾರರು ಆಗಲೇ ತೀರ್ಪು ಕೊಟ್ಟಿದ್ದರು, ಹುಡುಗಿಯ ಮಾತು ಗದ್ದಲದಲ್ಲಿ ಅವರನ್ನು ಬಿಟ್ಟು ಯಾರಿಗೂ ಕೇಳಿರಲಿಲ್ಲ. ಇಪ್ಪತ್ತೈದು ದಿನ ಕಳೆದರೆ ಶಾಲು, ಹಾರ, ಮನೆ. ಮಾಸ್ತರರು ಬೀಸಣಿಕೆಯನ್ನು ಬಗಲಿಗೆ ಇಟ್ಟುಕೊಂಡರು. ಆಮೇಲೆ ಮೈಕಿನ ಹತ್ತಿರ ಹೋದರು.

"ತಪ್ಪ ಆ ಹುಡುಗೀದಲ್ಲ, ನಂದು," ಎಂದರು. "ಓಡು ಅಂತ ಹಸರ ತೋರ್ಸೂ ಹೊತ್ತಿನಾಗ ನಾ ಗಾಳಿ ಬೀಸ್ಕೊಂತ ನಿಂತಿದ್ದೆ. ಕೆಂಪ ಕಂಡು ಅಕಿ ನಿಂತ್ಳು. ಮೂವತ್ನಾಕ ವರ್ಸದಾಗ ನಾ ಹೇಳಿದ್ದು ಹೇಳಿದಂಗ ಕೇಳಿದಾಕಿ ಅಕಿ ಒಬ್ಬಾಕಿ. ಅಕಿಗೇ ನಾ ತಪ್ಪ ಹೇಳಿದೆ."

ಆಮೇಲೆ ಹಿಂದೆ ಯಾರೋ ಕಿಸಕ್ಕೆಂದರು, ಅಷ್ಟೇ ಸಾಕಾಯಿತು, ಇಂಡಿಯವರು, ಸಿಂದಗಿಯವರು, ನಾಲತವಾಡದವರು, ಸ್ವಂತ ಊರವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾಳಿ ಬೀಸಿಕೊಂಡನಂತೆ! ಸೀಟಿ ಮಾಸ್ತರ ಹೋಗಿ ಬೀಸಣಿಕೆ ಮಾಸ್ತರ ಆದದ್ದು ಆ ನಗುವಿನಲ್ಲೇ. ರೇಣವ್ವ ಮಾತ್ರ ನಗಲಿಲ್ಲ. ಹೊಡೆದ ಬೆನ್ನನ್ನು ಸೆರಗಿನಿಂದ ಸವರುತ್ತ ನಿಂತಿದ್ದಳು.

ಸಂಜೆ ಮನೆಗೆ ಬಂದಾಗ ಸುಮಿತ್ರಾಬಾಯಿ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸುದ್ದಿ ಫೋನಿನಲ್ಲಿ ಆಗಲೇ ಮುಟ್ಟಿತ್ತು, ಅದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಮಾಸ್ತರರು ಪ್ರಶ್ನೆಗೆ ಕಾದರು. ಅವಳು ಕೇಳಲಿಲ್ಲ. ಅವರು ಮುಖ ತೊಳೆದರು, ಒರೆಸಿಕೊಂಡರು, ಊಟಕ್ಕೆ ಕೂತರು. ಹೇಳುವುದು ಏನೂ ಇರಲಿಲ್ಲವಾದ್ದರಿಂದ ಊಟ ಬೇಗ ಮುಗಿಯಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಸುಮಿತ್ರಾಬಾಯಿ ರೂಢಿಯಂತೆ ಮೊಳೆಗೆ ಕೈ ಹಾಕಿದಳು, ಬರೀ ಗೋಡೆ ಸಿಕ್ಕಿತು.

"ಬೀಸಣಿಕಿ ಎಲ್ಲೈತ್ರಿ?"

"ಜಯಮಾಲಾಗ ಕೊಟ್ಟ ಬಂದೆ."

"ಮುಂದ ಇಡೀ ಬ್ಯಾಸಗಿ ಐತಿ. ನಾವೇನ್ ಮಾಡೂದು?"

ಮಾಸ್ತರರು ಅಂಗಿಯ ಗುಂಡಿ ಬಿಚ್ಚಿದರು.

"ಬೆವರೂದು," ಎಂದರು.

ಹೊರಗೆ ಹೊಸ ಸೈಕಲ್ಲಿನ ಗಂಟೆ ಕೇಳಿಸಿತು. ಪ್ರಜ್ಞಾ ತೋಟದ ವಸತಿಗೆ ಹೊರಟಿದ್ದಳು, ಹಿಂದಿನ ಸೀಟಿನ ಮೇಲೆ ಜಯಮಾಲಾ ಕೂತಿದ್ದಳು. ತಿರುವು ಬಂದಾಗ ಜಯಮಾಲಾ ಬೀಸಣಿಕೆ ಎತ್ತಿ ಹಸಿರು ಮಗ್ಗುಲು ತೋರಿಸಿದಳು, ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವನು ಏನೂ ತಿಳಿಯದೆ ಹಾರ್ನು ಬಾರಿಸಿ ಮುಂದೆ ಹೋದ.